ಗರ್ಭಿಣಿಗೆ ಎಚ್‌ಐವಿ ಟೆಸ್ಟ್: ಫ್ರೀ ಇದ್ರೂ ಕೆಲವರು ಯಾಕೆ ಮಾಡಿಸಲ್ಲ?

ಇವತ್ತಿನ ವಿಷಯ ನಮ್ಮ ಮನೆಗಳಲ್ಲಿ ಪಿಸುಮಾತಲ್ಲೂ ಬರೋದಿಲ್ಲ. ಇಯರ್‌ಫೋನ್ ಹಾಕ್ಕೊಂಡೇ ಕೇಳಿ, ಪರವಾಗಿಲ್ಲ. ಆದ್ರೆ ಪೂರ್ತಿ ಕೇಳಿ.

ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವನು. ಹಾಗಾಗಿ ಲೆಕ್ಕದಿಂದ ಶುರು ಮಾಡ್ತೀನಿ. ಎಚ್‌ಐವಿ ಇರುವ ತಾಯಿಗೆ ಚಿಕಿತ್ಸೆ ಸಿಗದೇ ಇದ್ದರೆ ಗರ್ಭದಲ್ಲಿ, ಹೆರಿಗೆ ಹೊತ್ತಲ್ಲಿ ಅಥವಾ ಎದೆಹಾಲಿನಿಂದ ಮಗುವಿಗೂ ಸೋಂಕು ಹರಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅಂಥ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಈ ಅಪಾಯ ಇದೆ. ತಾಯಿ ಎಆರ್‌ಟಿ ಮಾತ್ರೆ ತಗೊಂಡು, ಹುಟ್ಟಿದ ಕೂಡಲೇ ಮಗುವಿಗೂ ಔಷಧಿ ಕೊಟ್ಟರೆ ಇದು 5ಕ್ಕಿಂತ ಕೆಳಗಿಳಿಯುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಟೆಸ್ಟೂ ಫ್ರೀ, ಮಾತ್ರೆಯೂ ಫ್ರೀ.

ಮತ್ತೆ ಯಾಕೆ ತಪ್ಪಿಹೋಗುತ್ತೆ? ಯಾಕಂದ್ರೆ ಖರ್ಚು ದುಡ್ಡಿನದ್ದಲ್ಲ.

ಮೊದಲನೇದು, 'ನನಗ್ಯಾಕೆ ಆ ಟೆಸ್ಟು? ನಾನೇನು ತಪ್ಪು ಮಾಡಿದೀನಿ?' ಅನ್ನೋ ಪ್ರಶ್ನೆ. ಎಚ್‌ಐವಿ ಅಂದ ಕೂಡಲೇ ನಡತೆ ಬಗ್ಗೆ ಮಾತು ಶುರುವಾಗುತ್ತೆ. ಶುಗರ್, ಹಿಮೋಗ್ಲೋಬಿನ್ ಟೆಸ್ಟಿಗೆ ಹಾಗಾಗಲ್ಲ.

ಎರಡನೇದು, ಗರ್ಭಿಣಿ ಅನ್ನೋ ಕಾರಣಕ್ಕೆ ಎಷ್ಟೋ ಮನೆಗಳಲ್ಲಿ ಮೊದಲು ಟೆಸ್ಟ್ ಆಗೋದು ಹೆಂಡತಿಗೆ. ಸೋಂಕು ಗಂಡನಿಂದಲೇ ಬಂದಿದ್ರೂ ರಿಪೋರ್ಟ್ ಮೊದಲು ಬರೋದು ಅವಳ ಹೆಸರಲ್ಲಿ. 'ಇವಳೇ ತಂದಳು' ಅಂತ ಅತ್ತೆ ಮನೆಯವರು ಆಚೆ ಹಾಕಿದ್ರೆ? ಈ ಭಯ ಸುಳ್ಳಲ್ಲ.

ಮೂರನೇದು, ಗುಟ್ಟು. ಊರಿನ ಆಸ್ಪತ್ರೆಯಲ್ಲಿ ಎಲ್ಲರೂ ಪರಿಚಯದವರೇ. ವಿಷಯ ಹೊರಗೆ ಹೋದ್ರೆ ಅನ್ನೋ ಅಳುಕು.

ನಾಲ್ಕನೇದು, ಓಡಾಟ. ಮೊದಲ ತಪಾಸಣೆ ಗಂಡನ ಊರಲ್ಲಿ, ಹೆರಿಗೆ ತವರಲ್ಲಿ. ಕೂಲಿಗೆ ಗುಳೆ ಹೋದವರ ಕಥೆ ಇನ್ನೂ ಕಷ್ಟ. 'ರಕ್ತ ಕೊಟ್ಟಿದೀನಲ್ಲ, ಎಲ್ಲಾ ಟೆಸ್ಟ್ ಆಗಿರುತ್ತೆ' ಅಂದ್ಕೊಂಡಿರ್ತಾರೆ. ಯಾವ್ಯಾವ ಟೆಸ್ಟ್ ಅಂತ ಯಾರೂ ಬಿಡಿಸಿ ಹೇಳಿರಲ್ಲ.

ಇಲ್ಲಿ ಕಾನೂನು ಅವಳ ಪರವಾಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ವಿವರಿಸಿ, ಒಪ್ಪಿಗೆ ಪಡೆದೇ ಟೆಸ್ಟ್ ಮಾಡಬೇಕು. ಫಲಿತಾಂಶ ಗುಟ್ಟಾಗಿಡಬೇಕು. ಸೋಂಕಿದೆ ಅಂತ ಚಿಕಿತ್ಸೆ ನಿರಾಕರಿಸೋ ಹಾಗಿಲ್ಲ. ಅಂದ್ರೆ ಬೇಡ ಅನ್ನೋ ಹಕ್ಕೂ ಅವಳಿಗಿದೆ. ಅದಕ್ಕೇ ಹೆದರಿಸಿ ಪ್ರಯೋಜನ ಇಲ್ಲ, ಧೈರ್ಯ ಬರೋ ಹಾಗೆ ಮಾತಾಡಬೇಕು.

ಹುಡುಗರೇ, ಈಗ ನಿಮಗೆ. ಹೆಂಡತಿ ಜೊತೆ ಮೊದಲ ತಪಾಸಣೆಗೆ ಹೋಗಿ, 'ನನಗೂ ಟೆಸ್ಟ್ ಮಾಡಿ' ಅನ್ನಿ. ಇಬ್ಬರ ರಿಪೋರ್ಟ್ ಒಟ್ಟಿಗೆ ಬಂದ್ರೆ ಅವಳೊಬ್ಬಳ ಕಡೆ ಬೆರಳು ತೋರಿಸೋದು ಸುಲಭ ಅಲ್ಲ. ಮನೇಲಿ ಅಕ್ಕನೋ ಅತ್ತಿಗೆಯೋ ಗರ್ಭಿಣಿ ಆಗಿದ್ರೆ, ತಾಯಿ ಕಾರ್ಡ್ ಜೊತೆ ಟೆಸ್ಟ್ ರಿಪೋರ್ಟ್‌ಗಳನ್ನೂ ತವರಿಗೆ ಒಯ್ಯೋಕೆ ನೆನಪಿಸಿ.

ತಡ ಆಯ್ತು ಅಂತ ಬಿಡಬೇಡಿ. ಹೆರಿಗೆ ನೋವು ಶುರುವಾದ ಮೇಲೂ ಟೆಸ್ಟ್ ಮಾಡಬಹುದು, ಮಗುವಿಗೆ ಔಷಧಿ ಶುರು ಮಾಡಬಹುದು. ಹೆಸರು ಹೇಳದೇ ಕೇಳೋಕೆ 1097 ಸಹಾಯವಾಣಿ ಇದೆ, ಕರೆ ಉಚಿತ. ಈಗಲೇ ನಂಬರ್ ಸೇವ್ ಮಾಡ್ಕೊಳ್ಳಿ. ಮುಂದಿನ ವಾರ ಸಿಗೋಣ.