ಒಂದೇ ಗಣಕಯಂತ್ರ, ಎರಡು ಆವೃತ್ತಿಗಳು

ನಮ್ಮ ವಿಭಾಗದ ಗಣಕಯಂತ್ರದ ಪರದೆಯ ಮೇಲೆ ‘ವರ್ಡ್’ ತಂತ್ರಾಂಶದ ಎರಡು ಚಿಹ್ನೆಗಳಿರುವುದನ್ನು ನೀವು ಗಮನಿಸಿರಬಹುದು. ಒಂದು 2007ರ ಆವೃತ್ತಿ, ಮತ್ತೊಂದು 2016ರದು. ‘ಹಳೆಯದನ್ನು ತೆಗೆದುಹಾಕಬಾರದೇಕೆ?’ ಎಂದು ಪ್ರತಿವರ್ಷವೂ ಯಾರಾದರೊಬ್ಬರು ಕೇಳುವುದುಂಟು. ಕಳೆದ ವರ್ಷ ಅಂತಿಮ ಪದವಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಕಿರುಪ್ರಬಂಧವನ್ನು ಮನೆಯಲ್ಲಿ ಒಂದು ಆವೃತ್ತಿಯಲ್ಲಿ ಸಿದ್ಧಪಡಿಸಿ, ಮುದ್ರಣದ ಅಂಗಡಿಯಲ್ಲಿ ಇನ್ನೊಂದರಲ್ಲಿ ತೆರೆದಳು. ಪರಿವಿಡಿಯ ಪುಟಸಂಖ್ಯೆಗಳು ಒಂದೂ ಹೊಂದಲಿಲ್ಲ. ಅನುಬಂಧಕ್ಕೆಂದು ಹಿಂದಿನ ತಂಡದವರ ಫೈಲಿನಿಂದ ಎತ್ತಿಕೊಂಡಿದ್ದ ಬೀಸುವ ಕಲ್ಲಿನ ಪದಗಳು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ನಿಂತಿದ್ದವು. ‘ಆವೃತ್ತಿ ಬೇರೆ, ಅದಕ್ಕೇ ಹೀಗಾಯಿತು’ ಎಂದು ಎಲ್ಲರೂ ಹೇಳಿದರು. ಆದರೆ ಅಲ್ಲಿದ್ದುದು ಒಂದು ರೋಗವಲ್ಲ, ಎರಡು. ಅವೆರಡನ್ನು ಬೇರ್ಪಡಿಸಿ ತಿಳಿಸುವುದೇ ಈ ಲೇಖನದ ಉದ್ದೇಶ.

ಗ್ರಂಥಸಂಪಾದನಾಶಾಸ್ತ್ರವನ್ನು ಓದುವ ನಿಮಗೆ ಈ ವಿಷಯ ಪೂರ್ತಿ ಅಪರಿಚಿತವೇನಲ್ಲ. ಒಂದೇ ಕಾವ್ಯದ ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸುವ ಸಂಪಾದಕನು, ಒಂದು ಪ್ರತಿ ಹಳೆಯದೆಂಬ ಕಾರಣಕ್ಕೆ ಅದನ್ನು ಎಸೆಯುವುದಿಲ್ಲ. ಹೋಲಿಸಿ ನೋಡಲು ಅದು ಬೇಕು. ಹಳೆಯ ತಂತ್ರಾಂಶವನ್ನು ನಾವು ಉಳಿಸಿಕೊಂಡಿರುವುದೂ ಅದೇ ಕಾರಣಕ್ಕೆ.

ಫೈಲಿನೊಳಗೆ ಏನಿದೆ?

ವರ್ಡ್ ತಂತ್ರಾಂಶದ 1997ರಿಂದ 2003ರವರೆಗಿನ ಆವೃತ್ತಿಗಳು ಬರಹವನ್ನು ‘ಡಾಕ್’ ಎಂಬ ರೂಪದಲ್ಲಿ ಉಳಿಸುತ್ತಿದ್ದವು. 2007ರ ಆವೃತ್ತಿಯೊಂದಿಗೆ ‘ಡಾಕ್ಸ್’ ಎಂಬ ಹೊಸ ರೂಪ ಬಂದಿತು. ಇದು ಹಲವು ಸಣ್ಣ ಪಠ್ಯಫೈಲುಗಳನ್ನು ಒಟ್ಟಿಗೆ ಕಟ್ಟಿ ಒತ್ತಿಟ್ಟ ಒಂದು ಗಂಟು. ಹಳೆಯ ಆವೃತ್ತಿಗೆ ಈ ಗಂಟನ್ನು ಬಿಚ್ಚಲು ತಾನಾಗಿ ಬಾರದು. ಹೊಸದಾದರೋ ಹಳೆಯ ರೂಪವನ್ನು ಓದಬಲ್ಲದು. ಹಾಗೆ ಓದುವಾಗ ‘ಕಂಪ್ಯಾಟಿಬಿಲಿಟಿ ಮೋಡ್’ ಎಂದು ಮೇಲಿನ ಪಟ್ಟಿಯಲ್ಲಿ ಸೂಚಿಸುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ವರ್ಡ್ ಫೈಲಿನಲ್ಲಿ ಸಿದ್ಧವಾದ ಪುಟಗಳಿರುವುದಿಲ್ಲ. ಅಲ್ಲಿರುವುದು ಪಠ್ಯ ಮತ್ತು ಅದನ್ನು ಹೇಗೆ ಜೋಡಿಸಬೇಕೆಂಬ ಸೂಚನೆಗಳು ಮಾತ್ರ. ಫೈಲನ್ನು ತೆರೆದಾಗಲೆಲ್ಲ ತಂತ್ರಾಂಶವು ಆ ಗಣಕದಲ್ಲಿರುವ ಫಾಂಟು, ಜೋಡಿಸಿದ ಪ್ರಿಂಟರು ಮತ್ತು ತನ್ನದೇ ನಿಯಮಗಳಿಗೆ ಅನುಸಾರವಾಗಿ ಪುಟಗಳನ್ನು ಹೊಸದಾಗಿ ಕಟ್ಟುತ್ತದೆ. ಒಂದು ಸಾಲು ಮುಂದಿನ ಪುಟಕ್ಕೆ ಸರಿದರೆ ಸಾಕು, ಅಲ್ಲಿಂದ ಮುಂದಿನದೆಲ್ಲ ಸರಿಯುತ್ತದೆ. ಕಿರುಪ್ರಬಂಧದ ಪುಟಸಂಖ್ಯೆಗಳು ತಪ್ಪಿದ್ದು ಹೀಗೆ. ಇದು ಮೊದಲನೆಯ ರೋಗ.

ಎರಡನ್ನೂ ಇರಿಸುವ ಕ್ರಮ

ಒಂದೇ ಗಣಕದಲ್ಲಿ ಎರಡು ಆವೃತ್ತಿಗಳು ಬಾಳಬೇಕಾದರೆ ಕೆಲವು ನಿಯಮಗಳನ್ನು ಪಾಲಿಸಬೇಕು.

ಮೊದಲನೆಯದು, ಹಳೆಯ ಆವೃತ್ತಿಯನ್ನು ಮೊದಲು ಹಾಕಬೇಕು, ಹೊಸದನ್ನು ಅನಂತರ. ಹೊಸದನ್ನು ಹಾಕುವಾಗ ‘ಹಳೆಯದನ್ನು ತೆಗೆಯಲೇ?’ ಎಂಬ ಪ್ರಶ್ನೆ ಬಂದರೆ ‘ಬೇಡ’ ಎನ್ನಬೇಕು. ಕ್ರಮ ತಲೆಕೆಳಗಾದರೆ ಎರಡೂ ಹಂಚಿಕೊಳ್ಳುವ ಭಾಗಗಳ ಮೇಲೆ ಹಳೆಯದು ತನ್ನ ಗುರುತನ್ನು ಬರೆದು ತೊಂದರೆ ಮಾಡುತ್ತದೆ.

ಎರಡನೆಯದು, 32-ಬಿಟ್ ಮತ್ತು 64-ಬಿಟ್ ರೂಪಗಳು ಒಟ್ಟಿಗೆ ನಿಲ್ಲುವುದಿಲ್ಲ. 2007ರ ಆವೃತ್ತಿ ಬಂದದ್ದು 32-ಬಿಟ್ ರೂಪದಲ್ಲಿ ಮಾತ್ರ. ಆದುದರಿಂದ ಅದರ ಜೊತೆಗಿಡುವ ಹೊಸ ಆವೃತ್ತಿಯೂ 32-ಬಿಟ್ಟಿನದೇ ಆಗಿರಬೇಕು. ಪ್ರತಿಯೊಂದು ಆವೃತ್ತಿಗೂ ಅದರದೇ ಪರವಾನಗಿ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು, ಫೈಲಿನ ಮೇಲೆ ಎರಡು ಬಾರಿ ಒತ್ತಿದರೆ ಅದು ಸಾಮಾನ್ಯವಾಗಿ ಕೊನೆಗೆ ಹಾಕಿದ ಅಥವಾ ಕೊನೆಗೆ ದುರಸ್ತಿ ಮಾಡಿದ ಆವೃತ್ತಿಯಲ್ಲೇ ತೆರೆದುಕೊಳ್ಳುತ್ತದೆ. ಇನ್ನೊಂದು ಬೇಕಾದರೆ ಮೊದಲು ಆ ತಂತ್ರಾಂಶವನ್ನು ತೆರೆದು, ಅದರೊಳಗಿನ ‘ಓಪನ್’ ಆಯ್ಕೆಯ ಮೂಲಕ ಫೈಲಿಗೆ ಹೋಗಬೇಕು. ಒಂದರಿಂದ ಇನ್ನೊಂದಕ್ಕೆ ಹೊರಳಿದಾಗ ಕೆಲವೊಮ್ಮೆ ‘ಸಿದ್ಧಪಡಿಸಲಾಗುತ್ತಿದೆ’ ಎಂಬರ್ಥದ ಚೌಕಟ್ಟು ಒಂದೆರಡು ನಿಮಿಷ ಕಾಣಿಸುತ್ತದೆ. ಗಾಬರಿಪಟ್ಟು ಯಂತ್ರವನ್ನು ಆರಿಸಬೇಡಿ. ಅದು ತಾನಾಗಿ ಮುಗಿಯುತ್ತದೆ.

ನಾಲ್ಕನೆಯದು, 2007 ಮತ್ತು ಆನಂತರದ ಆವೃತ್ತಿಗಳು ‘ನಾರ್ಮಲ್’ ಎಂಬ ಒಂದೇ ಮಾದರಿ ಫೈಲನ್ನು ಹಂಚಿಕೊಳ್ಳುತ್ತವೆ. ಒಂದರಲ್ಲಿ ಬದಲಿಸಿದ ಮೂಲ ಫಾಂಟು ಇನ್ನೊಂದರಲ್ಲೂ ಕಾಣಿಸೀತು. ಎಂದಾದರೂ ಒಂದನ್ನು ತೆಗೆದುಹಾಕಿದರೆ, ಉಳಿದದ್ದಕ್ಕೆ ‘ರಿಪೇರ್’ ಮಾಡಿಸುವುದು ಒಳಿತು.

ಒಂದು ಎಚ್ಚರಿಕೆಯೂ ಉಂಟು. 2007ರ ಆವೃತ್ತಿಗೆ ಸುರಕ್ಷತೆಯ ತಿದ್ದುಪಡಿಗಳು 2017ರ ಅಕ್ಟೋಬರ್ 10ಕ್ಕೆ ನಿಂತುಹೋದವು. ಮಿಂಚಂಚೆಯಲ್ಲಿ ಬಂದ ಅಪರಿಚಿತ ಫೈಲನ್ನು ಅದರಲ್ಲಿ ತೆರೆಯಬಾರದು. ಹಳೆಯದು ನಮ್ಮದೇ ಹಳೆಯ ಫೈಲುಗಳನ್ನು ಓದಿ ಹೋಲಿಸುವುದಕ್ಕೆ, ಹೊಸದು ಬರೆಯುವುದಕ್ಕೆ ಎಂಬ ನಿಯಮವನ್ನು ಇಟ್ಟುಕೊಳ್ಳಿ.

ಹಣ ತೆತ್ತು ಎರಡು ಪರವಾನಗಿ ಪಡೆಯಲಾಗದವರಿಗೆ ಲಿಬ್ರೆ ಆಫೀಸ್ ಇದೆ. 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ಈ ತಂತ್ರಾಂಶ ಉಚಿತ. ಮೇಲಿನ ತಂತ್ರಾಂಶಗಳ ಪಕ್ಕದಲ್ಲಿ ತಗಾದೆಯಿಲ್ಲದೆ ಇರಬಲ್ಲದು; ಡಾಕ್, ಡಾಕ್ಸ್ ಎರಡನ್ನೂ ತೆರೆಯಬಲ್ಲದು. ಆದರೆ ಪುಟವನ್ನು ಕಟ್ಟುವಲ್ಲಿ ಅದಕ್ಕೂ ತನ್ನದೇ ರೀತಿಯಿದೆಯೆಂಬುದನ್ನು ಮರೆಯಬಾರದು.

ಎರಡನೆಯ ರೋಗ: ಅಕ್ಷರದ್ದು

ಬೀಸುವ ಪದಗಳು ರೋಮನ್ ಚಿಹ್ನೆಗಳಾದದ್ದಕ್ಕೂ ಆವೃತ್ತಿಗೂ ಸಂಬಂಧವಿಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಿಂದಿನ ಫಾಂಟುಗಳಲ್ಲಿ ಬೆರಳಚ್ಚಿಸಿದಾಗ ಫೈಲಿನಲ್ಲಿ ಉಳಿಯುತ್ತಿದ್ದುದು ಕನ್ನಡದ ಅಕ್ಷರವಲ್ಲ. ರೋಮನ್ ಲಿಪಿಗೆ ಮೀಸಲಾದ ಸಂಕೇತಗಳು. ಆ ಸಂಕೇತಗಳ ಮೇಲೆ ಕನ್ನಡದ ರೂಪವನ್ನು ಹೊದಿಸುತ್ತಿದ್ದುದು ಫಾಂಟು. ಫಾಂಟು ಇಲ್ಲದ ಯಂತ್ರದಲ್ಲಿ ಹೊದಿಕೆ ಕಳಚಿ ಸಂಕೇತಗಳು ಬೆತ್ತಲಾಗುತ್ತವೆ. ವರ್ಡಿನ ಯಾವ ಆವೃತ್ತಿಯನ್ನು ಹಾಕಿದರೂ ಫಾಂಟಿಲ್ಲದೆ ಅವು ಓದಿಗೆ ಸಿಗವು. ಮರಾಠಿಯ ಹಳೆಯ ಮೋಡಿ ಕಾಗದಗಳನ್ನು ನಮ್ಮ ಸೀಮೆಯ ಮನೆಗಳಲ್ಲಿ ನೋಡಿದವರಿಗೆ ಇದು ಬೇಗ ತಿಳಿದೀತು. ಭಾಷೆ ಗೊತ್ತಿದ್ದೂ ಲಿಪಿ ಗೊತ್ತಿಲ್ಲದವನಿಗೆ ಆ ಕಾಗದ ಮೂಕವಾಗಿರುತ್ತದೆ.

ಯೂನಿಕೋಡಿನಲ್ಲಿ ಹೀಗಾಗದು. ಅಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ನೆಲೆಯಿದೆ. ದೇವನಾಗರಿಗೆ ಬೇರೆಯೇ 128. ಆದುದರಿಂದ ಕನ್ನಡ, ಮರಾಠಿ, ಇಂಗ್ಲಿಷು ಮೂರೂ ಒಂದೇ ಪುಟದಲ್ಲಿ ಬೆರೆಯದೆ ಇರಬಲ್ಲವು.

ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ದೊರೆಯುತ್ತವೆ. ಆದರೆ ಪರಿವರ್ತಕ ಮುಗಿಸಿದಲ್ಲಿ ನಮ್ಮ ಕೆಲಸ ಆರಂಭವಾಗುತ್ತದೆ. ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಸ್ಥಾನ ತಪ್ಪುವುದುಂಟು. ಹಳೆಯ ಫೈಲಿನಲ್ಲಿ ಇಂಗ್ಲಿಷು ಪದಗಳಿಗೂ ಕನ್ನಡ ಪದಗಳಿಗೂ ಸಂಕೇತ ಒಂದೇ, ವ್ಯತ್ಯಾಸವಿದ್ದುದು ಫಾಂಟಿನಲ್ಲಿ ಮಾತ್ರ; ಹೀಗಾಗಿ ಬರಿಯ ಪಠ್ಯವನ್ನು ಪರಿವರ್ತಕಕ್ಕೆ ಕೊಟ್ಟರೆ ಇಂಗ್ಲಿಷು ಪದಗಳೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಹಳೆಯ ಮರಾಠಿ ಫಾಂಟಿನಲ್ಲಿದ್ದ ಸಾಲುಗಳ ಗತಿಯೂ ಅದೇ. ನಮ್ಮ ಸಂಗ್ರಹದ ಹಾಡುಗಳಲ್ಲಿ ಒಂದು ನುಡಿ ಕನ್ನಡದ್ದು, ಮುಂದಿನದು ಮರಾಠಿಯದು ಇರುವುದು ಅಪರೂಪವಲ್ಲ. ಅವನ್ನು ಸಾಲುಸಾಲಾಗಿ ಮೂಲದೊಂದಿಗೆ ಹೋಲಿಸಿಯೇ ತಿದ್ದಬೇಕು. ಆಗ ಪಕ್ಕದಲ್ಲಿ ಹಳೆಯ ಆವೃತ್ತಿಯೂ ಹಳೆಯ ಫಾಂಟೂ ತೆರೆದಿರಬೇಕು. ಓಲೆಪ್ರತಿಯ ಪಕ್ಕದಲ್ಲಿ ಕುಳಿತ ಸಂಪಾದಕನ ಕೆಲಸವೂ ಇದೇ ಅಲ್ಲವೇ?

ಈಗ ಮಾಡಬೇಕಾದುದು

ಹೊಸದಾಗಿ ಬರೆಯುವುದೆಲ್ಲ ಯೂನಿಕೋಡಿನಲ್ಲಿರಲಿ. ಕಿರುಪ್ರಬಂಧವನ್ನು ಆರಂಭದಿಂದ ಕೊನೆಯವರೆಗೆ ಒಂದೇ ಆವೃತ್ತಿಯಲ್ಲಿ ಬರೆಯಿರಿ. ಮುದ್ರಣಕ್ಕೆ ವರ್ಡ್ ಫೈಲನ್ನು ಒಯ್ಯದೆ, ಫಾಂಟುಗಳನ್ನು ಒಳಗೊಂಡ ಪಿಡಿಎಫ್ ಒಯ್ಯಿರಿ. ಅದರಲ್ಲಿ ಪುಟ ಸರಿಯುವುದಿಲ್ಲ. ಹಳೆಯ ಫೈಲನ್ನು ತೆರೆಯುವ ಮುನ್ನ ಅದರ ನಕಲು ಮಾಡಿ, ನಕಲಿನ ಮೇಲೆಯೇ ಕೆಲಸ ಮಾಡಿ. ಮೂಲಪ್ರತಿಯನ್ನು ಹೊಸ ರೂಪದಲ್ಲಿ ಉಳಿಸಿ ಅಳಿಸಿಹಾಕಬೇಡಿ.

ವಿಭಾಗದ ಆ ಗಣಕದಲ್ಲಿ ನಿಮ್ಮ ಹಿಂದಿನವರು ಸುತ್ತಣ ಹಳ್ಳಿಗಳಲ್ಲಿ ಅಲೆದು ಬರೆದುಕೊಂಡ ಹಾಡು, ಒಗಟು, ಗಾದೆಗಳಿವೆ. ಹಾಡಿದ ಹಿರಿಯರಲ್ಲಿ ಹಲವರು ಈಗಿಲ್ಲ. ಅವರ ಮಾತು ಹಳೆಯ ಫಾಂಟಿನ, ಹಳೆಯ ರೂಪದ ಫೈಲುಗಳಲ್ಲಿ ಮಾತ್ರ ಉಳಿದಿದೆ. ಆ ಯಂತ್ರ ಇನ್ನೆಷ್ಟು ವರ್ಷ ನಡೆದೀತೆಂದು ಹೇಳಲಾಗದು. ಈ ಸತ್ರದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಹತ್ತು ಪುಟಗಳನ್ನು ಪರಿವರ್ತಿಸಿ, ಮೂಲದೊಂದಿಗೆ ಹೋಲಿಸಿ, ತಿದ್ದಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಅಲ್ಲಿಯವರೆಗೆ ಪರದೆಯ ಮೇಲಿನ ಹಳೆಯ ಚಿಹ್ನೆ ಹಾಗೆಯೇ ಇರಲಿ.