ಲಿಯೆಜ಼ೊಂ (ಫ್ರೆಂಚ್ ಉಚ್ಚಾರಣೆ)

ಲಿಯೆಜ಼ೊಂ ಎಂಬುದು ಫ್ರೆಂಚ್ ಭಾಷೆಯ ಉಚ್ಚಾರಣೆಯಲ್ಲಿ ಕಂಡುಬರುವ ಒಂದು ಬಗೆಯ ಸಂಧಿಕಾರ್ಯ. ಪದದ ಕೊನೆಯಲ್ಲಿ ಸಾಮಾನ್ಯವಾಗಿ ಮೌನವಾಗಿರುವ ವ್ಯಂಜನವು, ಸ್ವರವು ಪರವಾದಾಗ ಉಚ್ಚಾರಗೊಂಡು ಆ ಸ್ವರದೊಡನೆ ಕೂಡಿಕೊಳ್ಳುತ್ತದೆ. ಇದನ್ನು ತೋರಿಸುವ ಗುರುತು ಬರವಣಿಗೆಯಲ್ಲಿ ಇರುವುದಿಲ್ಲ. ಆದ್ದರಿಂದ ಓದು-ಬರಹದ ಮೂಲಕ ಫ್ರೆಂಚ್ ಕಲಿತವರಿಗೆ, ವ್ಯಾಕರಣ ಚೆನ್ನಾಗಿ ತಿಳಿದಿದ್ದರೂ, ಮಾತಿನಲ್ಲಿ ಇದು ತೊಡಕಾಗುತ್ತದೆ. (ಈ ಲೇಖನದಲ್ಲಿ 'ಜ಼' ಎಂಬುದು ಇಂಗ್ಲಿಷಿನ 'ಜ಼ೂ' ಪದದ ಮೊದಲ ಧ್ವನಿ.)

ಹಿನ್ನೆಲೆ

ಹಳೆಯ ಫ್ರೆಂಚಿನಲ್ಲಿ ಪದಾಂತ್ಯದ ವ್ಯಂಜನಗಳನ್ನು ಉಚ್ಚರಿಸಲಾಗುತ್ತಿತ್ತು. ಕಾಲಕ್ರಮೇಣ ಅವುಗಳಲ್ಲಿ ಹಲವು ಬಿದ್ದುಹೋದರೂ ಅಕ್ಷರಗಳು ಕಾಗುಣಿತದಲ್ಲಿ ಉಳಿದವು. ಸ್ವರ ಪರವಾದ ಕೆಲವು ಸಂದರ್ಭಗಳಲ್ಲಿ ಉಳಿದುಬಂದ ಹಳೆಯ ಧ್ವನಿಯೇ ಲಿಯೆಜ಼ೊಂ.

ಧ್ವನಿವ್ಯತ್ಯಾಸ

ಬಹುವಚನದ ಆರ್ಟಿಕಲ್ 'ಲೆ' ಮತ್ತು 'ಅಮಿ' (ಗೆಳೆಯರು) ಸೇರಿ 'ಲೆಜ಼ಮಿ' ಆಗುತ್ತದೆ. ಇಲ್ಲಿ 'ಎಸ್' ಅಕ್ಷರವು 'ಜ಼' ಧ್ವನಿಯನ್ನು ಪಡೆಯುತ್ತದೆ. 'ಗ್ರಾಂ' (ಹಿರಿಯ) ಪದದ ಕೊನೆಯ 'ಡಿ' ಅಕ್ಷರವು 'ತ' ಆಗುವುದರಿಂದ 'ಗ್ರಾಂ' ಮತ್ತು 'ಒಮ್' (ಮನುಷ್ಯ) ಸೇರಿ 'ಗ್ರಾಂತೊಮ್' ಎಂದಾಗುತ್ತದೆ. ಕನ್ನಡದ ಆದೇಶಸಂಧಿಯಲ್ಲಿಯೂ ಹೀಗೆ ಧ್ವನಿ ಬದಲಾಗುತ್ತದೆ (ಮಳೆ + ಕಾಲ = ಮಳೆಗಾಲ). ಆದರೆ ಕನ್ನಡದಲ್ಲಿ ಬದಲಾವಣೆ ಬರಹದಲ್ಲಿಯೂ ಕಾಣುತ್ತದೆ.

ವಿಧಗಳು

ಧ್ವನಿವಿಜ್ಞಾನಿ ಪಿಯೆರ್ ದೆಲಾತ್ರ್ 1947ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಮೂರು ವಿಧಗಳಿವೆ.

* ಕಡ್ಡಾಯ: ಆರ್ಟಿಕಲ್ ಮತ್ತು ನಾಮಪದ, ಸರ್ವನಾಮ ಮತ್ತು ಕ್ರಿಯಾಪದಗಳ ನಡುವೆ. ಉದಾಹರಣೆ: 'ನೂಜ಼ಾವೊಂ' (ನಮ್ಮ ಬಳಿ ಇದೆ).
* ಐಚ್ಛಿಕ: ಕ್ರಿಯಾಪದದ ನಂತರ ಮುಂತಾದೆಡೆ. ಭಾಷಣ, ಕಾವ್ಯವಾಚನಗಳಲ್ಲಿ ಹೆಚ್ಚು. ಆಪ್ತ ಸಂಭಾಷಣೆಯಲ್ಲಿ ಕಡಿಮೆ.
* ನಿಷಿದ್ಧ: 'ಎ' (ಮತ್ತು) ಪದದ ನಂತರ, ಹಾಗೂ 'ಆಸ್ಪಿರೆ' ಎನಿಸಿದ 'ಎಚ್' ಅಕ್ಷರದ ಪದಗಳು ಪರವಾದಾಗ. ಈ 'ಎಚ್'ಗೆ ಧ್ವನಿಯಿಲ್ಲ. ಆದರೂ ಕನ್ನಡದ ಪ್ರಕೃತಿಭಾವದಂತೆ ಇಲ್ಲಿ ಸಂಧಿಯಾಗುವುದಿಲ್ಲ.

ಅರ್ಥಭೇದ

ಲಿಯೆಜ಼ೊಂ ತಪ್ಪಿದರೆ ಅರ್ಥವೂ ಕೆಡಬಹುದು. 'ಇಲ್‌ಜ಼ೊಂ' ಎಂದರೆ 'ಅವರ ಬಳಿ ಇದೆ'. 'ಇಲ್‌ಸೊಂ' ಎಂದರೆ 'ಅವರು ಆಗಿದ್ದಾರೆ'. 'ಲೆ ಎರೊ' ಎಂದರೆ ವೀರರು. ನಡುವೆ 'ಜ಼' ಸೇರಿದರೆ 'ಲೆ ಜ಼ೆರೊ', ಅಂದರೆ ಸೊನ್ನೆಗಳು. ಆದರೆ ಇದೇ ಪದದ ಸ್ತ್ರೀಲಿಂಗ ರೂಪ ಸಂಧಿಯನ್ನು ತಡೆಯುವುದಿಲ್ಲ: 'ಲೆಜ಼ೆರೊಇನ್' (ವೀರವನಿತೆಯರು).

ಕಲಿಕೆ

ಲಿಯೆಜ಼ೊಂ ಬಿಡಿಪದಗಳ ಗುಣವಲ್ಲ, ಪದಗಳ ಪರಸ್ಪರ ಸಂಬಂಧದ ಗುಣ. ಆದ್ದರಿಂದ ನಾಮಪದಗಳನ್ನು ಬಹುವಚನದ ಆರ್ಟಿಕಲ್‌ನೊಡನೆ ಕಲಿಯುವುದು ಮತ್ತು ಧ್ವನಿಮುದ್ರಿತ ಮಾತನ್ನು ಪಠ್ಯದೊಡನೆ ಆಲಿಸಿ, ಉಸಿರು ನಿಲ್ಲಿಸದೆ ಪದಗುಚ್ಛಗಳಾಗಿ ಪುನರುಚ್ಚರಿಸುವುದು ಉಪಯುಕ್ತ. ಫ್ರೆಂಚ್ ನಿಘಂಟುಗಳು 'ಆಸ್ಪಿರೆ' ಪದಗಳನ್ನು ವಿಶೇಷ ಚಿಹ್ನೆಯಿಂದ ಗುರುತಿಸುತ್ತವೆ. ಸಂದೇಹವಿದ್ದಾಗ ಐಚ್ಛಿಕ ಲಿಯೆಜ಼ೊಂ ಕೈಬಿಟ್ಟರೆ ಮಾತು ಸಹಜವಾಗಿಯೇ ಕೇಳಿಸುತ್ತದೆ. ಆದರೆ ನಿಷಿದ್ಧವಾದೆಡೆ ಸೇರಿಸಿದರೆ ಅದು ದೋಷವೆನಿಸುತ್ತದೆ.