ವಿಮಾನದಲ್ಲಿ ನಿಮ್ಮ ರೇಡಿಯೋ

ತುಳಸಿಗೇರಿಯ ಹನುಮಪ್ಪನಿಗೆ ಆಕಾಶದಲ್ಲಿ ದಾರಿ ತೋರುವವರು ಬೇಕಿರಲಿಲ್ಲ. ನೀವು ಅಲ್ಲಿಂದ ಹುಬ್ಬಳ್ಳಿಗೆ ಹೋಗಿ ಹತ್ತುವ ಬೆಂಗಳೂರಿನ ವಿಮಾನಕ್ಕೆ ಬೇಕು. ಮೋಡ ಕವಿದಾಗ ಅದಕ್ಕೆ ದಿಕ್ಕನ್ನೂ ಓಡುದಾರಿಯ ನೇರವನ್ನೂ ತಿಳಿಸುವ ನೆಲದ ಕೇಂದ್ರಗಳು 108ರಿಂದ 118 ಮೆಗಾಹರ್ಟ್ಸ್‌ಗಳ ನಡುವೆ ನುಡಿಯುತ್ತವೆ.

ನಿಮ್ಮ ಎಫ್.ಎಂ. ರೇಡಿಯೋ ಬರಿದೇ ಕೇಳುವುದಿಲ್ಲ, ತಾನೂ ಸಣ್ಣಗೆ ಪಿಸುಗುಟ್ಟುತ್ತದೆ. ಬೆಂಗಳೂರಿನ 101.3ಕ್ಕೆ ಮುಳ್ಳು ತಿರುಗಿಸಿದಿರೆನ್ನಿ. ಒಳಗಿನ ಆಂದೋಲಕ ಸಾಮಾನ್ಯವಾಗಿ 10.7ರಷ್ಟು ಮೇಲೆ, ಎಂದರೆ 112ರಲ್ಲಿ ಮಿಡಿಯುತ್ತದೆ. ಅದು ವಿಮಾನದ ಪಾಲಿನ ಜಾಗ! ಮುಳ್ಳಿನ ಹಳೆಯ ರೇಡಿಯೋಗಳೆರಡಿದ್ದರೆ ಪಕ್ಕಪಕ್ಕ ಇಟ್ಟು ನೋಡಿ: ಒಂದು 92ರಲ್ಲಿರಲಿ, ಇನ್ನೊಂದನ್ನು 102.7ರ ಸುತ್ತ ತಿರುಗಿಸಿ. ಮೊರೆತ ತಟ್ಟನೆ ಅಡಗುವ ಜಾಗ ಸಿಕ್ಕೀತು.

ಇಂಥ ಪಿಸುಮಾತಿನಿಂದಲೇ ವಿಮಾನ ಬಿದ್ದದ್ದು ಸಾಬೀತಾಗಿಲ್ಲ. 2014ರಿಂದ ನಮ್ಮಲ್ಲಿ ಮೊಬೈಲನ್ನು ಫ್ಲೈಟ್ ಮೋಡ್‌ನಲ್ಲಿಟ್ಟು ಬಳಸಲು ಅನುಮತಿಯೂ ಇದೆ. ಆದರೂ ಇಳಿಯುವ ಹೊತ್ತಿನಲ್ಲಿ ಗಗನಸಖಿ ಹೇಳಿದೊಡನೆ ಆರಿಸಿಬಿಡಿ.